ಮನೆಗೆ ಕಾರ್ಡ್‌ಲೆಸ್ ಡ್ರಿಲ್: ಕೊಳ್ಳುವ ಮೊದಲು ಗೋಡೆಯನ್ನು ನೋಡಿ

ಹೊಸದಾಗಿ ಸಂಸಾರ ಹೂಡಿದ ಮಕ್ಕಳು ಮನೆಗೊಂದು ಕಾರ್ಡ್‌ಲೆಸ್ ಡ್ರಿಲ್ ಕೊಳ್ಳಬೇಕೆಂದಾಗ ಕೇಳುವ ಮೊದಲ ಪ್ರಶ್ನೆ ಯಾವ ಕಂಪನಿಯದು ಒಳ್ಳೆಯದು ಎಂಬುದು. ಕಂಪನಿಯ ಮಾತು ಕೊನೆಗೆ ಬರಲಿ. ಮೊದಲು ಮನೆಯಲ್ಲಿ ನಿಜವಾಗಿ ನಡೆಯುವ ಕೆಲಸಗಳನ್ನು ನೆನಪಿಸಿಕೊಳ್ಳಿ. ಸಡಿಲಗೊಂಡ ಬಾಗಿಲ ಹಿಂಜ್ ಬಿಗಿಯುವುದು, ಕಪಾಟಿನ ಹಿಡಿ ಬದಲಿಸುವುದು, ಕಿಟಕಿಗೆ ಸೊಳ್ಳೆ ಜಾಲರಿಯ ಚೌಕಟ್ಟು ಕೂರಿಸುವುದು, ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚಿ ಹಾಕುವುದು, ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂದ ಮೇಜನ್ನು ಜೋಡಿಸುವುದು, ಇವೆಲ್ಲ ಬಹುಪಾಲು ತಿರುಪು ಬಿಗಿಯುವ ಅಥವಾ ಬಿಚ್ಚುವ ಕೆಲಸಗಳೇ. ರಂಧ್ರ ಕೊರೆಯುವ ಪ್ರಸಂಗ ಅಪರೂಪಕ್ಕೆ ಬರುತ್ತದೆ. ಆ ಅಪರೂಪದ ಪ್ರಸಂಗವನ್ನೇ ಮುಂದಿಟ್ಟುಕೊಂಡು ಭಾರಿ ಯಂತ್ರವೊಂದನ್ನು ತಂದವರ ಮನೆಯಲ್ಲಿ ಅದು ಅಟ್ಟ ಸೇರಿರುತ್ತದೆ. ಮನೆಯವರು ಮತ್ತೆ ಹಳೆಯ ಸ್ಕ್ರೂಡ್ರೈವರಿನಲ್ಲೇ ಕೈ ನೋಯಿಸಿಕೊಳ್ಳುತ್ತಿರುತ್ತಾರೆ.

ಆದ್ದರಿಂದ ನನ್ನ ಸಲಹೆ ಇಷ್ಟು: ತಿರುಪು ಬಿಗಿಯಲು ಮತ್ತು ಮರ, ತೆಳು ಲೋಹ ಕೊರೆಯಲು ಕೈಗೆ ಹಗುರವಾದ ಸಣ್ಣ ಯಂತ್ರವನ್ನು ಸ್ವಂತಕ್ಕೆ ಕೊಳ್ಳಿ, ಕಾಂಕ್ರೀಟ್ ಕೊರೆಯುವ ಯಂತ್ರವನ್ನು ಬೇಕಾದ ದಿನ ಬಾಡಿಗೆಗೆ ತನ್ನಿ. ಇದು ನಿಮ್ಮ ಮನೆಗೆ ಎಷ್ಟು ಒಪ್ಪುತ್ತದೆ ಎಂಬುದನ್ನು ಗೋಡೆಯೇ ಹೇಳುತ್ತದೆ.

ಬೆಂಗಳೂರಿನ ಹಲವು ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಅಲ್ಯೂಮಿನಿಯಂ ಅಚ್ಚುಗಳನ್ನು ನಿಲ್ಲಿಸಿ ಗೋಡೆ, ಸೂರು ಎಲ್ಲವನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲೇ ಎರಕ ಹೊಯ್ದಿರುತ್ತಾರೆ. ಮೇಸ್ತ್ರಿಗಳು ಇದನ್ನು ಮೈವಾನ್ ಗೋಡೆ ಎನ್ನುತ್ತಾರೆ. ಅಂಥ ಮನೆಯಲ್ಲಿ ಒಂದು ಗಡಿಯಾರ ತೂಗುಹಾಕಲು ಹೊರಟರೂ ಸಣ್ಣ ಕಾರ್ಡ್‌ಲೆಸ್ ಯಂತ್ರ ಅರ್ಧ ಬೆರಳಿನಷ್ಟು ಒಳಗೆ ಹೋಗುವಷ್ಟರಲ್ಲಿ ಬಿಸಿಯಾಗಿ ನಿಲ್ಲುತ್ತದೆ. ಹಳೆಯ ಬಡಾವಣೆಗಳ ಇಟ್ಟಿಗೆ ಗೋಡೆಯಾದರೆ ಹ್ಯಾಮರ್ ಸೌಲಭ್ಯವಿರುವ, ಅಂದರೆ ತಿರುಗುತ್ತಲೇ ಬಡಿಯುವ, 12 ವೋಲ್ಟಿನ ಯಂತ್ರವೇ 6 ಮಿಲಿಮೀಟರ್ ರಂಧ್ರವನ್ನು ಸಲೀಸಾಗಿ ಕೊರೆಯುತ್ತದೆ. ಮಂಗಳೂರು, ಉಡುಪಿ ಕಡೆಯ ಕೆಂಪುಕಲ್ಲಿನ ಗೋಡೆಯನ್ನು ಕೊರೆಯುವುದು ಇನ್ನೂ ಸುಲಭ. ಆದರೆ ಆ ಕಲ್ಲಿನ ಒಳಗೆ ಪೊಳ್ಳುಗಳಿರುವುದರಿಂದ ತಿರುಪು ಹಿಡಿಯಲೆಂದು ರಂಧ್ರಕ್ಕೆ ತೂರಿಸುವ ಪ್ಲಾಸ್ಟಿಕ್ ಪ್ಲಗ್ ಗಿಡ್ಡವಾದರೆ ಹಿಡಿತ ಕಳೆದುಕೊಳ್ಳುತ್ತದೆ, ಉದ್ದನೆಯದನ್ನೇ ಬಳಸಬೇಕು. ಕಲಬುರಗಿ, ವಿಜಯಪುರದ ಕಡೆಯ ಹಳೆಯ ಕಲ್ಲುಗೋಡೆಗಳಲ್ಲಿ ಕಲ್ಲನ್ನು ಬಿಟ್ಟು ಎರಡು ಕಲ್ಲುಗಳ ನಡುವಿನ ಗಾರೆಯ ಸಂದನ್ನು ಹುಡುಕುವುದು ಜಾಣತನ. ಈಚೆಗೆ ಬಂದಿರುವ, ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರವಾದ ಎಎಸಿ ಬ್ಲಾಕ್ ಗೋಡೆಗೆ ಹ್ಯಾಮರ್ ಬಳಸಲೇಬಾರದು, ಅದರ ಪೆಟ್ಟಿಗೆ ರಂಧ್ರದ ಬಾಯಿ ಒಡೆದು ಅಗಲವಾಗುತ್ತದೆ.

ನಿಮ್ಮ ಗೋಡೆ ಯಾವುದೆಂದು ತಿಳಿಯದಿದ್ದರೆ ಕಪಾಟಿನ ಹಿಂಬದಿಯಂಥ ಕಾಣದ ಮೂಲೆಯಲ್ಲಿ ಸಣ್ಣದೊಂದು ರಂಧ್ರ ಕೊರೆದು, ಉದುರುವ ಪುಡಿಯನ್ನು ಬಿಳಿಯ ಕಾಗದದ ಮೇಲೆ ಹಿಡಿಯಿರಿ. ಮೊದಲು ಗಾರೆಯ ಬೂದು ಪುಡಿ ಬಂದು ಆಮೇಲೆ ಕೆಂಪು ತಿರುಗಿದರೆ ಇಟ್ಟಿಗೆ ಅಥವಾ ಕೆಂಪುಕಲ್ಲು. ಬಿಟ್ (ಯಂತ್ರದ ಮೂತಿಗೆ ಸಿಕ್ಕಿಸುವ ಕೊರೆಯುವ ಕಡ್ಡಿ) ಬೆಣ್ಣೆಗೆ ಇಳಿದಂತೆ ಇಳಿದು ಬಿಳಿಚಾದ, ಹಿಟ್ಟಿನಂಥ ಪುಡಿ ರಾಶಿಯಾಗಿ ಉದುರಿದರೆ ಎಎಸಿ ಬ್ಲಾಕ್. ಬೂದು ಬಣ್ಣದ ನಯವಾದ ಪುಡಿ ಅಷ್ಟಷ್ಟೇ ಬರುತ್ತಾ ಬಿಟ್ಟಿನ ತುದಿ ಕೀರಲು ದನಿ ಮಾಡಿದರೆ ಅದು ಕಾಂಕ್ರೀಟ್. ಅಲ್ಲಿಗೆ ಒತ್ತುವುದನ್ನು ನಿಲ್ಲಿಸಿ. ಇಟ್ಟಿಗೆ ಮನೆಯಲ್ಲೂ ಕಂಬ, ತೊಲೆ ಮತ್ತು ಕಿಟಕಿಯ ಮೇಲಿನ ಲಿಂಟಲ್ ಕಾಂಕ್ರೀಟಿನವೇ ಆಗಿರುವುದರಿಂದ, ಪರದೆಯ ಸರಳಿನ ಬ್ರಾಕೆಟ್ ಹಾಕುವಾಗ ಬಹಳ ಜನ ಸಿಕ್ಕಿಬೀಳುವುದು ಇಲ್ಲಿಯೇ.

ಕಾಂಕ್ರೀಟಿಗೆ ಬೇಕಾದದ್ದು ರೋಟರಿ ಹ್ಯಾಮರ್. ಹ್ಯಾಮರ್ ಸೌಲಭ್ಯದ ಸಾಮಾನ್ಯ ಇಂಪ್ಯಾಕ್ಟ್ ಡ್ರಿಲ್ಲಿನೊಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ಕಟಕಟನೆ ಪೆಟ್ಟು ಹುಟ್ಟಿಸುತ್ತವೆ, ಆ ಪೆಟ್ಟಿನ ಬಲ ನಿಮ್ಮ ತೋಳು ಎಷ್ಟು ಒತ್ತುತ್ತದೆ ಎಂಬುದನ್ನೇ ಅವಲಂಬಿಸಿರುತ್ತದೆ. ರೋಟರಿ ಹ್ಯಾಮರಿನಲ್ಲಾದರೆ ಒಳಗಿನ ಪಿಸ್ಟನ್ ಗಾಳಿಯನ್ನು ಅದುಮಿ ಹೊಡೆಯುವುದರಿಂದ ಕೈಯ ಬಲ ಅಷ್ಟಾಗಿ ಬೇಕಾಗುವುದಿಲ್ಲ. ಊರಿನ ಅನೇಕ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದು ದಿನಬಾಡಿಗೆಗೆ ಸಿಗುತ್ತದೆ. ಇಡೀ ಮನೆಯ ರಂಧ್ರಗಳನ್ನು ಮೊದಲೇ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟುಕೊಂಡು ಒಂದೇ ದಿನ ಮುಗಿಸಿಬಿಟ್ಟರೆ ಬಾಡಿಗೆಯೂ ಉಳಿಯುತ್ತದೆ, ನೆರೆಯವರ ಗೊಣಗಾಟವೂ ಒಂದು ದಿನಕ್ಕೆ ಮುಗಿಯುತ್ತದೆ.

ಇನ್ನು ವೋಲ್ಟಿನ ವಿಷಯ. ಈಗಿನ ಯಂತ್ರಗಳಲ್ಲಿರುವುದು ಲಿಥಿಯಂ ಬ್ಯಾಟರಿ, ಅದರ ಒಂದೊಂದು ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.6. ಒಂದೇ ಸೆಲ್ಲಿನದು ಕಿರಿಯ ಸ್ಕ್ರೂಡ್ರೈವರ್. ಮೂರು ಸೆಲ್ ಸೇರಿದರೆ 10.8, ಅದನ್ನೇ 12 ಎಂದು ಬರೆದು ಮಾರುತ್ತಾರೆ. ಐದು ಸೇರಿದರೆ 18. ಪೂರ್ತಿ ಚಾರ್ಜ್ ಆದಾಗ ಸೆಲ್ ಸ್ವಲ್ಪ ಮೇಲೇರುವುದರಿಂದ ಅದೇ 18 ಕೆಲವು ಪೆಟ್ಟಿಗೆಗಳ ಮೇಲೆ 20 ಎಂದಾಗುತ್ತದೆ, ಎರಡರ ಶಕ್ತಿಯಲ್ಲಿ ವ್ಯತ್ಯಾಸವಿಲ್ಲ. ಈ ಲೆಕ್ಕ ಗೊತ್ತಿದ್ದರೆ ಅಗ್ಗದ ಕಿಟ್‌ಗಳ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ 48, 88 ಎಂಬ ಅಂಕಿಗಳಿಗೆ ಮೋಸಹೋಗುವುದಿಲ್ಲ. 48 ವೋಲ್ಟ್ ನಿಜವಾಗಿ ಬೇಕಾದರೆ ಹದಿಮೂರು ಹದಿನಾಲ್ಕು ಸೆಲ್‌ಗಳು ಬೇಕು, ಅಂಗೈಯಗಲದ ಬ್ಯಾಟರಿಯೊಳಗೆ ಅವು ಹಿಡಿಯುವುದೇ ಇಲ್ಲ.

ಸ್ವಿಚ್ ಬೋರ್ಡು, ಆಟಿಕೆ, ಸಣ್ಣ ಪೀಠೋಪಕರಣಗಳಿಗಷ್ಟೇ ಎಂದಾದರೆ 3.6 ವೋಲ್ಟಿನ ಕಿರಿಯ ಸ್ಕ್ರೂಡ್ರೈವರ್ ಸಾಕು. ಅದರ ತಿರುಗುಬಲ ಮೂರರಿಂದ ಐದು ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ, ಅದರಿಂದ ಮರ ಕೊರೆಯುವ ಆಸೆ ಇಟ್ಟುಕೊಳ್ಳಬಾರದು. ಸಂಸಾರದ ಮನೆಗೆ ನಾನು ಹೇಳುವುದು 12 ವೋಲ್ಟಿನದನ್ನೇ. ಬ್ಯಾಟರಿ ಸೇರಿ ಸುಮಾರು ಒಂದು ಕಿಲೋ ತೂಗುತ್ತದೆ, ತಲೆ ಗಿಡ್ಡವಾಗಿರುವುದರಿಂದ ಕಪಾಟಿನೊಳಗೂ ಹೊಗುತ್ತದೆ, ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಹಿಡಿಯಬಹುದು. ಇದರ ತಿರುಗುಬಲ ಸಾಮಾನ್ಯವಾಗಿ 20ರಿಂದ 35 ನ್ಯೂಟನ್ ಮೀಟರ್. ಮನೆಯ ಮಾಮೂಲಿ ತಿರುಪಿಗೆ ಇದರಲ್ಲಿ ಒಂದು ಪಾಲು ಸಾಕು. ಯಂತ್ರದ ಜೊತೆಗಿನ ಕಾಗದದಲ್ಲಿ ತಿರುಗುಬಲಕ್ಕೆ ಎರಡು ಅಂಕಿ ಇದ್ದರೆ ಚಿಕ್ಕದು ಮರದಂಥ ಮೆದು ವಸ್ತುವಿನದು, ದೊಡ್ಡದು ಲೋಹದಂಥ ಗಟ್ಟಿ ವಸ್ತುವಿನದು. ಜಾಹೀರಾತಿನಲ್ಲಿ ಕಾಣುವುದು ದೊಡ್ಡದೇ. ತೋಟ, ಕೊಟ್ಟಿಗೆ, ಗೇಟು ಎಂದು ಹೊರಗಿನ ಕೆಲಸ ಹೆಚ್ಚಿರುವವರು ಮಾತ್ರ 18ಕ್ಕೆ ಹೋಗಲಿ. ಇಂಪ್ಯಾಕ್ಟ್ ಡ್ರೈವರ್ ಎಂಬ ಇನ್ನೊಂದು ಯಂತ್ರವನ್ನು ಅಂಗಡಿಯವರು ತೋರಿಸಬಹುದು. ಅದು ಉದ್ದನೆಯ ದಪ್ಪ ತಿರುಪುಗಳನ್ನು ಬಡಿದು ಬಿಗಿಯುವ ಬಡಗಿಯ ಸಾಧನ, ಸದ್ದೂ ಜೋರು, ಮನೆಗೆ ಬೇಡ.

ಕೊಳ್ಳುವಾಗ ನೀವು ಅತಿಯಾಗಿ ಗಮನಿಸಬೇಕಾದದ್ದು ಮೂತಿಯ ಹಿಂದಿರುವ, ಅಂಕಿಗಳನ್ನು ಬರೆದ ಉಂಗುರವನ್ನು. ಇದಕ್ಕೆ ಕ್ಲಚ್ ಎನ್ನುತ್ತಾರೆ. ಗೊತ್ತುಮಾಡಿದ ಬಿಗಿ ಬಂದೊಡನೆ ಇದು ಕರ್ರೆಂದು ಸದ್ದು ಮಾಡಿ ತಿರುಪನ್ನು ಅಲ್ಲಿಗೇ ಬಿಟ್ಟುಬಿಡುತ್ತದೆ. ಕ್ಲಚ್ ಇಲ್ಲದ ಯಂತ್ರದಿಂದ ತೇಗದ ಬಾಗಿಲಿಗೆ ಹಿತ್ತಾಳೆಯ ಚಿಲಕ ಹಾಕಲು ಹೋದರೆ, ಹಿತ್ತಾಳೆಯ ತಿರುಪಿನ ಕತ್ತು ಪಟ್ಟನೆ ಮುರಿದು ಅದರ ಮುಂಡ ಮರದೊಳಗೇ ಉಳಿಯುತ್ತದೆ. ಈ ಕೆಲಸದ ಸರಿಯಾದ ಕ್ರಮವೇ ಬೇರೆ. ಎಂಟನೇ ನಂಬರಿನ (ಸುಮಾರು 4 ಮಿಲಿಮೀಟರ್ ದಪ್ಪದ) ತಿರುಪಿಗೆ ತೇಗ, ಹೊನ್ನೆ, ಹಲಸಿನಂಥ ಮರದಲ್ಲಿ ಮೊದಲು 3 ಮಿಲಿಮೀಟರ್ ಬಿಟ್ಟಿನಿಂದ ರಂಧ್ರ ಮಾಡಿಕೊಳ್ಳಬೇಕು. ಅಷ್ಟೇ ಅಳತೆಯ ಉಕ್ಕಿನ ತಿರುಪೊಂದನ್ನು ಒಮ್ಮೆ ಬಿಗಿದು ಬಿಚ್ಚಿ ದಾರಿ ಮಾಡಿಕೊಳ್ಳಬೇಕು. ಆಮೇಲೆ ಹಿತ್ತಾಳೆಯ ತಿರುಪಿನ ಮರೆಗಳಿಗೆ (ಸುರುಳಿ ಏಣುಗಳಿಗೆ) ಒಣ ಸೋಪನ್ನು ಉಜ್ಜಿ, ಕ್ಲಚ್ಚನ್ನು ಮೂರು ನಾಲ್ಕರ ಅಂಕಿಯಲ್ಲಿಟ್ಟು ನಿಧಾನವಾಗಿ ತಿರುಗಿಸಬೇಕು. ಬಿಗಿ ಸಾಲದೆನಿಸಿದರೆ ಒಂದೊಂದೇ ಅಂಕಿ ಏರಿಸಿ. ಕೊನೆಯ ಅರ್ಧ ಸುತ್ತನ್ನು ಕೈಯಿಂದಲೇ ಮಾಡುವುದು ಇನ್ನೂ ಮೇಲು. ಮಾಡ್ಯುಲರ್ ಅಡುಗೆಮನೆಯ ಮರದ ಹೊಟ್ಟಿನ ಹಲಗೆಗಳಲ್ಲಿ ಕ್ಲಚ್ ಇನ್ನಷ್ಟು ಕೆಳಗಿರಬೇಕು, ಏಕೆಂದರೆ ಅಲ್ಲಿ ಮರೆ ಒಮ್ಮೆ ಸವೆದರೆ ಅದೇ ಜಾಗದಲ್ಲಿ ತಿರುಪು ಮತ್ತೆ ನಿಲ್ಲುವುದಿಲ್ಲ.

ಅಂಗಡಿಯಲ್ಲಿ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆಸಿ ಕೈಯಲ್ಲಿ ಹಿಡಿದು ನೋಡಲು ಸಂಕೋಚ ಬೇಡ. ತೆಳ್ಳನೆಯ ಬಿಟ್ ಸಿಕ್ಕಿಸಿ ತಿರುಗಿಸಿದಾಗ ಅದರ ತುದಿ ಒಂದೇ ಬಿಂದುವಿನಲ್ಲಿ ನಿಂತಂತೆ ಕಾಣಬೇಕು, ವೃತ್ತ ಬರೆಯುವಂತಿದ್ದರೆ ಬಿಟ್ ಹಿಡಿಯುವ ಮೂತಿ, ಅಂದರೆ ಚಕ್, ಸರಿಯಿಲ್ಲ. ಗುಂಡಿಯನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಪೂರ್ತಿ ಒತ್ತಿದರೆ ಜೋರಾಗಿ ತಿರುಗಬೇಕು. ಬೆರಳು ತೆಗೆದ ತಕ್ಷಣ ನಿಲ್ಲಬೇಕು. ಎರಡು ಗೇರುಗಳಿರಲಿ: ತಿರುಪಿಗೆ ನಿಧಾನದ್ದು, ಕೊರೆಯಲು ವೇಗದ್ದು. ಚಕ್ 10 ಮಿಲಿಮೀಟರಿನದಾಗಿ ಕೈಯಲ್ಲೇ ಬಿಗಿಯುವಂತಿರಲಿ. ಬ್ರಷ್‌ಲೆಸ್ ಮೋಟಾರಿನದು ಬ್ಯಾಟರಿಯನ್ನು ಹಿತವಾಗಿ ಬಳಸುತ್ತದೆ ಮತ್ತು ಕಾರ್ಬನ್ ಬ್ರಷ್ ಸವೆಯುವ ಚಿಂತೆ ಅದರಲ್ಲಿಲ್ಲ. ಆದರೆ ತಿಂಗಳಿಗೊಮ್ಮೆ ತಿರುಪು ಬಿಗಿಯುವವರು ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಮನೆಯಲ್ಲಿ ಯಾರು ಹೆಚ್ಚು ಬಳಸುತ್ತಾರೋ ಅವರನ್ನೇ ಕರೆದೊಯ್ಯಿರಿ. ಮಗನ ಅಂಗೈಗೆ ಒಪ್ಪಿದ ಹಿಡಿ ಸೊಸೆಯ ಅಂಗೈಗೆ ದಪ್ಪವಾಗಬಹುದು.

ಬ್ಯಾಟರಿ ಎರಡಿರುವ ಕಿಟ್ಟನ್ನೇ ಕೊಳ್ಳಿ. ಬರಿಯ ಯಂತ್ರದ ಬೆಲೆ ಕಡಿಮೆ ಎಂದು ಹಿಗ್ಗಿ ತಂದರೆ ಬ್ಯಾಟರಿ, ಚಾರ್ಜರ್ ಬೇರೆಯಾಗಿ ಕೊಳ್ಳುವಾಗ ಜೇಬು ಸುಡುತ್ತದೆ. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲ ಎಂಬುದು ಸರಿ, ಒಂದೇ ಕಂಪನಿಯಲ್ಲೂ ಎಚ್ಚರ ಬೇಕು: ಬಾಷ್‌ನ ನೀಲಿ ಸಾಲಿನ 18 ವೋಲ್ಟ್ ಬ್ಯಾಟರಿ ಹಸಿರು ಸಾಲಿನ ಯಂತ್ರಕ್ಕೆ ಕೂರುವುದಿಲ್ಲ. ಬಾಷ್, ಮಕಿತಾ, ಡಿವಾಲ್ಟ್ ಮೊದಲಾದವುಗಳಲ್ಲಿ ಯಾವುದಾದರೂ ಆದೀತು, ನಿಮ್ಮ ಊರಿನಲ್ಲಿ ಅಥವಾ ಜಿಲ್ಲಾಕೇಂದ್ರದಲ್ಲಿ ಯಾವುದರ ಸರ್ವಿಸ್ ಸೆಂಟರ್ ಇದೆಯೋ ಅದು ನಿಮಗೆ ಒಳ್ಳೆಯ ಕಂಪನಿ.

ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಲ್ಲಿ ಅಗ್ಗವೆಂದು ಡ್ರಿಲ್ ತಂದುಕೊಡುವುದುಂಟು. ಆ ಚಾರ್ಜರಿನ ಹಿಂಬದಿಯನ್ನು ಓದದೆ ಪ್ಲಗ್ಗಿಗೆ ಹಾಕಬೇಡಿ. ಅಂಥ ಅನೇಕ ಚಾರ್ಜರ್‌ಗಳು 120 ವೋಲ್ಟಿಗೆ ಮಾತ್ರ ತಯಾರಾದವು, ನಮ್ಮ 230 ವೋಲ್ಟಿಗೆ ಒಮ್ಮೆಲೇ ಸುಟ್ಟುಹೋಗುತ್ತವೆ. ಪಿನ್ ಬದಲಿಸುವ ಅಡಾಪ್ಟರ್ ಅದನ್ನು ಕಾಪಾಡುವುದಿಲ್ಲ. ಚಾರ್ಜರಿನ ಮೇಲೆ 100ರಿಂದ 240 ಎಂದಿದ್ದರೆ ಭಯವಿಲ್ಲ. ದುಬೈ, ಕುವೈತ್‌ನಿಂದ ತಂದವುಗಳಿಗೆ ವೋಲ್ಟಿನ ತೊಂದರೆಯಿಲ್ಲ, ಪ್ಲಗ್ಗಿನ ಪಿನ್ ಮಾತ್ರ ಬೇರೆ. ವಿಮಾನದಲ್ಲಿ ಯಂತ್ರವನ್ನು ಚೆಕ್-ಇನ್ ಲಗೇಜಿನಲ್ಲೂ, ಕಳಚಿದ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೂ ತರಬೇಕೆಂದು ಅವರಿಗೆ ಮೊದಲೇ ಹೇಳಿಡಿ.

ಮಿಗಿಸಿದ ಹಣವನ್ನು ಬಿಟ್‌ಗಳ ಮೇಲೆ ಹಾಕಿ. ನಮ್ಮ ಕಡೆಯ ಬಹುತೇಕ ತಿರುಪುಗಳಿಗೆ ಪಿಎಚ್2 ಎಂಬ, ಕೂಡುಗುರುತಿನಂಥ (+) ತುದಿಯ ಬಿಟ್ ಕೂರುತ್ತದೆ. ತಲೆಯ ಅಡ್ಡಗೀರುಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆಗಳಿದ್ದರೆ ಅದು ಪಿಝಡ್2, ಅದಕ್ಕೆ ಅದರದೇ ಬಿಟ್ ಬೇಕು. ಸ್ನಾನದ ಮನೆಯ ಟೈಲ್ಸ್ ಕೊರೆಯುವಾಗ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗುರುತು ಮಾಡಿದರೆ ಬಿಟ್ ಜಾರುವುದಿಲ್ಲ. ಈಟಿಯ ಮೊನೆಯಂಥ ಟೈಲ್ಸ್ ಬಿಟ್ಟಿನಿಂದ ಟೈಲ್ಸ್ ದಾಟುವವರೆಗೆ ಹ್ಯಾಮರ್ ಹಚ್ಚದೆ ನಿಧಾನವಾಗಿ ಕೊರೆದು, ಆಮೇಲೆ ಗೋಡೆಯ ಬಿಟ್ ಹಾಕಬೇಕು. ನಲ್ಲಿಯ ಮೇಲೂ ಕೆಳಗೂ ನೇರ ಸಾಲಿನಲ್ಲಿ ನೀರಿನ ಪೈಪು, ಸ್ವಿಚ್ ಬೋರ್ಡಿನ ಮೇಲೂ ಕೆಳಗೂ ಅಕ್ಕಪಕ್ಕವೂ ವೈರಿನ ಪೈಪು ಇರುತ್ತದೆಂದೇ ತಿಳಿದು ಆ ಜಾಗಗಳನ್ನು ಬಿಟ್ಟುಬಿಡಿ. ಕಣ್ಣಿಗೆ ಕನ್ನಡಕ ಇರಲಿ, ಸೂರಿಗೆ ಕೊರೆಯುವಾಗಲಂತೂ ತಪ್ಪದೆ.

ಬ್ಯಾಟರಿಯನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಕೆಲಸ ಮುಗಿದೊಡನೆ ಬಿಸಿಯಾಗಿರುವಾಗಲೇ ಚಾರ್ಜಿಗೂ ಹಾಕಬೇಡಿ. ತಿಂಗಳುಗಟ್ಟಲೆ ಬಳಸುವುದಿಲ್ಲವೆಂದಾದರೆ ಅರ್ಧ ಚಾರ್ಜಿನಲ್ಲಿಟ್ಟು, ಯಂತ್ರದಿಂದ ಕಳಚಿ ತಂಪಾದ ಜಾಗದಲ್ಲಿಡಿ. ಉಬ್ಬಿದ ಅಥವಾ ಸತ್ತ ಬ್ಯಾಟರಿಯನ್ನು ಒಣಕಸದ ಚೀಲಕ್ಕೆ ಹಾಕಿದರೆ ಕಸದ ಗಾಡಿಯಲ್ಲಿ ಅದುಮಿಸಿಕೊಂಡು ಬೆಂಕಿ ಹತ್ತಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದಾಗಿರುವುದರಿಂದ, ಅದರ ತುದಿಗಳಿಗೆ ಟೇಪ್ ಸುತ್ತಿ ಸರ್ವಿಸ್ ಸೆಂಟರಿಗೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ಕೊಟ್ಟುಬನ್ನಿ.