ತುಂಬಿದ ಹಳ್ಳಕ್ಕೆ ಜೀಪು ಇಳಿಸುವ ಮುಂಚೆ

ಫೋರ್ ವ್ಹೀಲ್ ಡ್ರೈವ್ ಗಾಡಿ ಇದ್ದರೆ ಎಂಥಾ ನೀರನ್ನೂ ದಾಟಬಹುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾಲ್ಕೂ ಚಕ್ರ ತಿರುಗಿದರೆ ಸಾಲದು, ನಾಲ್ಕೂ ನೆಲ ಕಚ್ಚಬೇಕು. ನೆಲ ಕಚ್ಚಿಸುವುದು ಗಾಡಿಯ ತೂಕ. ನೀರು ಮೊದಲು ಕಸಿದುಕೊಳ್ಳುವುದೇ ಆ ತೂಕವನ್ನು.

ನಾನು ಹಳ್ಳ ದಾಟುವುದು ಮೋಜಿಗಲ್ಲ. ನಮ್ಮ ಅಡಿಕೆ ತೋಟದ ಅರ್ಧ ಹಳ್ಳದ ಆಚೆ ಇದೆ. ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವ ದಾರಿಯಲ್ಲಿ ಒಳಗೆ ಇಳಿದರೆ ನಮ್ಮೂರು. ಹಳ್ಳ ಕೆಳಗೆ ಹೋಗಿ ಶಾಲ್ಮಲೆಗೆ ಸೇರುತ್ತದೆ. ಜನ ದಾಟಲಿಕ್ಕೆ ಕಾಲುಸಂಕ ಇದೆ. ಆದರೆ ಕೊಳೆರೋಗಕ್ಕೆ ಮದ್ದು ಹೊಡೆಯುವ ಹೊತ್ತಿಗೆ ಕಾಲುಸಂಕ ಸಾಲುವುದಿಲ್ಲ. ಆ ಮದ್ದೇ ಬೋರ್ಡೋ, ಅಂದರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎಕರೆಗಟ್ಟಲೆ ತೋಟಕ್ಕೆ ಎಷ್ಟು ಚೀಲ ಆಗುತ್ತದೆ ಲೆಕ್ಕ ಹಾಕಿ. ಜೊತೆಗೆ ಡ್ರಮ್ಮು, ಪಂಪು, ಪೈಪಿನ ಸುರುಳಿ. ಮಳೆ ಒಂದೆರಡು ದಿನ ಹೊಳವಾದಾಗಲೇ ಹೊಡೆದು ಮುಗಿಸಬೇಕು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಕ್ಕ ದಿನವೇ ದಾಟಬೇಕು.

ನಮ್ಮದು ಹಳೇ ಮಹೀಂದ್ರಾ ಎಂಎಂ 540. ಬಟ್ಟೆಯ ಮಾಡು, ಸರಿಯಾಗಿ ಕೂರದ ಬಾಗಿಲು, ತಳದಲ್ಲಿ ತೂತು. ನೀರು ಏರಿದರೆ ಒಳಗೆ ಬರುತ್ತದೆ, ಹಾಗೇ ಹೋಗುತ್ತದೆ. ಇದು ಗಾಡಿಯ ದೋಷ ಅಂತ ನೋಡಿದವರೆಲ್ಲ ಹೇಳುತ್ತಾರೆ. ನನ್ನ ಮಟ್ಟಿಗೆ ಹಳ್ಳದಲ್ಲಿ ಅದೇ ದೊಡ್ಡ ಗುಣ.

ಹೊಸ ಗಾಡಿಗಳ ಬಾಗಿಲಿನ ರಬ್ಬರ್ ಚೆನ್ನಾಗಿರುತ್ತದೆ. ನೀರು ಬೇಗ ಒಳಗೆ ಬರುವುದಿಲ್ಲ. ಹಾಗಾಗಿ ಗಾಡಿ ತೇಲುತ್ತದೆ. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಎಂಜಿನ್ ಇರುವ ಜಾಗ ಬಿಡಿ, ಅಲ್ಲಿಗೆ ಹೇಗೂ ನೀರು ನುಗ್ಗುತ್ತದೆ. ಜನ ಕೂರುವ ಭಾಗ ಎರಡೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಅಂತ ಇಟ್ಟುಕೊಳ್ಳಿ. ಗಾಡಿಯ ತಳದಿಂದ ಮೇಲೆ ನೀರು ಹತ್ತು ಸೆಂಟಿಮೀಟರ್ ಏರಿದರೆ 375 ಲೀಟರ್ ನೀರಿನ ಜಾಗವನ್ನು ಗಾಡಿ ಹಿಡಿದ ಹಾಗಾಯಿತು. ಅಂದರೆ 375 ಕೆಜಿ ತೂಕ ಹೋಯಿತು. ಇಪ್ಪತ್ತು ಸೆಂಟಿಮೀಟರ್ ಏರಿದರೆ 750 ಕೆಜಿ. ಸುಮಾರು 1,700 ಕೆಜಿಯ ಗಾಡಿಗೆ ಇದು ಅರ್ಧದ ಹತ್ತಿರ. ಉಳಿದ ಅರ್ಧದಲ್ಲಿ ಜಾಸ್ತಿ ಪಾಲು ಎಂಜಿನ್ ಇರುವ ಮುಂದಿನ ಚಕ್ರಗಳ ಮೇಲೆ. ಹಿಂದಿನ ಚಕ್ರ ಸುಮ್ನೆ ಕಲ್ಲು ಸವರಿಕೊಂಡು ಹೋಗುತ್ತಿರುತ್ತದೆ. ಆಗ ಪಕ್ಕದಿಂದ ಹರಿವು ತಳ್ಳಿದರೆ ಹಿಂಭಾಗ ಜಾರುತ್ತದೆ.

ಇದನ್ನು ನಮ್ಮ ಹಳ್ಳದಲ್ಲೇ ಕಣ್ಣಾರೆ ನೋಡಿದ್ದೇನೆ. ಜಲಪಾತ ನೋಡಲಿಕ್ಕೆ ಬಂದ ಹುಡುಗರು, ಹೊಸ ಗಾಡಿ. ನಮ್ಮ ಕಡೆಯ ಗೌಡರೊಬ್ಬರು ದಂಡೆಯಲ್ಲಿ ನಿಂತು, "ತಮ್ಮಾ, ಸ್ವಲ್ಪ ತಡೀರಿ, ನೀರು ಇಳೀಲಿ" ಅಂದರು. "ಇದು ಫೋರ್ ಬೈ ಫೋರ್ ಅಣ್ಣಾ, ಏನೂ ಆಗಲ್ಲ" ಅಂತ ಅವರು ಇಳಿಸಿಯೇಬಿಟ್ಟರು. ಮುಂದಿನ ಚಕ್ರ ಆಚೆ ದಂಡೆ ಮುಟ್ಟುವ ಹೊತ್ತಿಗೆ ಹಿಂಭಾಗ ಮೆತ್ತಗೆ ಎದ್ದಿತು. ಸದ್ದಿಲ್ಲ, ಏನಿಲ್ಲ. ಗಾಡಿ ಹಾಗೇ ತಿರುಗಿ ಹರಿವಿನ ಉದ್ದಕ್ಕೆ ನಿಂತಿತು. ಕೆಳಗೆ ಒಂದು ಹೊನ್ನೆ ಮರದ ಬೇರು ತಡೆಯಿತು. ಗೌಡರು ಕೂಗಿ ಹೇಳಿ ಒಬ್ಬನಿಂದ ಹಿಂದಿನ ಬಾಗಿಲು ತೆಗೆಸಿದರು. ಒಳಗೆ ನೀರು ತುಂಬಿದ ಮೇಲೆ ಗಾಡಿ ಕೂತಿತು, ಮತ್ತೆ ಅಲುಗಲಿಲ್ಲ. ಆಮೇಲೆ ಹಗ್ಗ ಹಾಕಿ ಎಳೆದೆವು. ಸೀಟು ಒದ್ದೆಯಾಯಿತು ಅಂತ ಹುಡುಗರಿಗೆ ಬೇಜಾರು!

ಹಾಗಾಗಿ ನಾನು ಖಾಲಿ ಜೀಪು ಇಳಿಸುವುದಿಲ್ಲ. ಸುಣ್ಣ ನೆನೆಯಬಾರದು, ಅದು ಮೇಲೆ, ತಾಡಪತ್ರಿ ಸುತ್ತಿ. ಮೈಲುತುತ್ತ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಾಕಿ ಮುಚ್ಚಳ ಬಿಗಿದು ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಇಡುತ್ತೇನೆ. ಬರುವಾಗ ಹೇರು ಇಲ್ಲದಿದ್ದರೆ ಕಲ್ಲು ತುಂಬಿಕೊಳ್ಳುತ್ತೇನೆ. ಹಳ್ಳದ ದಂಡೆಯಲ್ಲಿ ಕಲ್ಲಿಗೇನು ಬರ, ಅಲ್ವಾ?

ಇನ್ನು ನೀರು ನೋಡುವ ವಿಷಯ. ಆಳಕ್ಕಿಂತ ಹರಿವಿಗೆ ಜಾಸ್ತಿ ಹೆದರಬೇಕು. ಹರಿವಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಇದನ್ನು ಅಳೆಯಲಿಕ್ಕೆ ನನ್ನ ಹತ್ತಿರ ಇರುವ ಸಾಧನ ಒಂದು ಒಣ ಎಲೆ. ಎಲೆಯನ್ನು ನಡುನೀರಿಗೆ ಎಸೆದು, ದಂಡೆಯ ಮೇಲೆ ಅದರ ಜೊತೆ ನಡೆಯುತ್ತೇನೆ. ಬೀಸುಹೆಜ್ಜೆ ಹಾಕಿದರೂ ಎಲೆ ನನ್ನನ್ನು ಹಿಂದೆ ಹಾಕಿದರೆ ಆ ದಿನ ದಾಟುವ ಮಾತಿಲ್ಲ, ನೀರು ಮೊಣಕಾಲಷ್ಟೇ ಇದ್ದರೂ. ನಿಂತ ನೀರಾದರೆ ಬಂಪರ್ ಮಟ್ಟದವರೆಗೂ ಇಳಿಸಿದ್ದಿದೆ. ಹರಿವ ನೀರಿಗೆ ನನ್ನ ಮಿತಿ ಚಕ್ರದ ಹಬ್ಬಿನ, ಅಂದರೆ ಚಕ್ರದ ನಟ್ಟನಡುವಿನ ಮಟ್ಟ. ಹೊಸ ಥಾರ್‌ಗೆ 650 ಮಿಲಿಮೀಟರ್, ಗೂರ್ಖಾಕ್ಕೆ 700 ಮಿಲಿಮೀಟರ್ ಅಂತ ಕಂಪನಿಯವರು ಆಳದ ಲೆಕ್ಕ ಕೊಡುತ್ತಾರೆ. ಆ ಲೆಕ್ಕದಲ್ಲಿ ಹಳ್ಳದ ಸೆಳೆತ ಸೇರಿಲ್ಲ.

ದಾಟುವ ಮುಂಚೆ ನಡೆದು ನೋಡಲೇಬೇಕು. ನಡೆದು ದಾಟಲಾಗದ ನೀರಿಗೆ ಗಾಡಿ ಇಳಿಸುವುದಿಲ್ಲ. ಕೈಯಲ್ಲಿ ಒಂದು ಗಳ, ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ದಂಡೆಯ ಮೇಲಿನವನ ಕೈಯಲ್ಲಿ. ಎಡ ಚಕ್ರದ ಜಾಡಿನಲ್ಲಿ ಹೋಗಿ ಬಲ ಚಕ್ರದ ಜಾಡಿನಲ್ಲಿ ಬರುತ್ತೇನೆ. ಬರಿಗಾಲು ಒಳ್ಳೆಯದು, ಕೆಳಗಿರುವುದು ಗೊರಚೋ, ಪಾಚಿ ಹಿಡಿದ ಬಂಡೆಯೋ, ಹೂಳೋ ಅಂತ ತಕ್ಷಣ ಗೊತ್ತಾಗುತ್ತದೆ. ಉಂಬಳ (ಜಿಗಣೆ) ಹತ್ತುತ್ತವೆ, ಹತ್ತಲಿ. ಬೇಸಿಗೆಯಲ್ಲಿ ನೋಡಿಟ್ಟ ಜಾಗವನ್ನು ನಂಬಲಿಕ್ಕಾಗುವುದಿಲ್ಲ. ಒಂದೇ ರಾತ್ರಿಯ ಮಳೆ ದಾರಿಯ ನಡುವೆ ಗುಂಡಿ ತೋಡಿರುತ್ತದೆ. ಹಳ್ಳ ಅಗಲವಾಗಿ, ಸಣ್ಣ ಸಣ್ಣ ಅಲೆ ಎದ್ದು ಸದ್ದು ಮಾಡುವ ಕಡೆ ಸಾಮಾನ್ಯವಾಗಿ ಆಳ ಕಡಿಮೆ. ನುಣ್ಣಗೆ, ಕಪ್ಪಗೆ, ಸದ್ದಿಲ್ಲದೆ ಹೋಗುವ ಕಡೆ ಗುಂಡಿ. ಮೊದಲು ನೋಡಬೇಕಾದ್ದು ಹತ್ತುವ ಜಾಗ. ಇಳಿಯುವುದು ಎಲ್ಲರಿಗೂ ಬರುತ್ತದೆ. ಆಚೆ ದಂಡೆಯ ಮಣ್ಣು ಮೆತ್ತಗಿದ್ದರೆ ಅರ್ಧ ನೀರಲ್ಲಿ ಅರ್ಧ ಕೆಸರಲ್ಲಿ ಸಿಕ್ಕಿಬೀಳುತ್ತೀರಿ.

ಮುಂಗಾರು ಹಿಡಿದ ಮೊದಲ ವಾರ ಇನ್ನೊಂದು ಕಾರಣಕ್ಕೂ ನಾನು ಇಳಿಸುವುದಿಲ್ಲ. ಆಗ ಹತ್ತುಮೀನಿನ ಸಮಯ. ಮೀನು ಮೊಟ್ಟೆ ಇಡಲಿಕ್ಕೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುತ್ತವೆ. ನಾವು ಮೀನು ತಿನ್ನುವವರಲ್ಲ, ಆದರೂ ಅದರ ಮೇಲೆ ಗಾಡಿ ಓಡಿಸಲಿಕ್ಕೆ ಮನಸ್ಸು ಬರುವುದಿಲ್ಲ.

ಗಾಡಿಯ ತಯಾರಿಗೆ ಬರುತ್ತೇನೆ. ಎಲ್ಲರೂ ಸ್ನಾರ್ಕೆಲ್, ಅಂದರೆ ಎಂಜಿನ್ ಗಾಳಿ ಎಳೆಯುವ ಬಾಯಿಯನ್ನು ಮೇಲಕ್ಕೆ ಒಯ್ಯುವ ಕೊಳವೆಯ ಬಗ್ಗೆ ಮಾತಾಡುತ್ತಾರೆ. ಅದು ಬೇಕು ನಿಜ. ಎಂಜಿನ್ ಗಾಳಿ ಎಳೆಯುವ ಬಾಯಿಗೆ ನೀರು ಹೋದರೆ ಕಥೆ ಮುಗಿಯಿತು. ಡೀಸೆಲ್ ಎಂಜಿನ್ ಗಾಳಿಯನ್ನು ಒತ್ತಿ ಒತ್ತಿ ಇಪ್ಪತ್ತರಲ್ಲಿ ಒಂದು ಪಾಲು ಜಾಗಕ್ಕೆ ಇಳಿಸುತ್ತದೆ. ಗಾಳಿ ಒತ್ತಿಸಿಕೊಳ್ಳುತ್ತದೆ, ನೀರು ಒತ್ತಿಸಿಕೊಳ್ಳುವುದಿಲ್ಲ. ಪಿಸ್ಟನ್ ಮೇಲೆ ಬರಲೇಬೇಕು, ನೀರು ಜಾಗ ಬಿಡುವುದಿಲ್ಲ, ನಡುವೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದರೆ ಸ್ನಾರ್ಕೆಲ್ ಹಾಕಿಸಿದರೆ ಸಾಕಾ? ಅದರಿಂದ ಏರ್ ಫಿಲ್ಟರ್‌ವರೆಗಿನ ಒಂದೊಂದು ಜೋಡಣೆಯೂ ಬಿಗಿಯಾಗಿರಬೇಕು. ಫಿಲ್ಟರ್ ಡಬ್ಬದ ಕೆಳಗೆ ಧೂಳು ಬೀಳಲಿಕ್ಕೆ ಇರುವ ರಬ್ಬರ್ ತುಟಿ ಹರಿದಿದ್ದರೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ.

ನಾನು ಸ್ನಾರ್ಕೆಲ್‌ಗಿಂತ ಮೊದಲು ಮಾಡಿಸಿದ್ದು ಆಕ್ಸಲ್ ಬ್ರೀದರ್ ಕೆಲಸ, ಅಂದರೆ ಆಕ್ಸಲ್ ಒಳಗಿನ ಗಾಳಿ ಆಡಲಿಕ್ಕೆ ಇರುವ ಸಣ್ಣ ತೂತಿನ ಕೆಲಸ. ಕಡಿಮೆ ಖರ್ಚು, ದೊಡ್ಡ ಉಪಕಾರ. ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರುಗಳ ಗುಂಡು ಡಬ್ಬ) ಒಳಗಿನ ಎಣ್ಣೆ, ಗಾಳಿ ಎರಡೂ ಓಡಿ ಓಡಿ ಬಿಸಿಯಾಗಿರುತ್ತವೆ. ಗಾಡಿ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿಂದ ಏನಾದರೂ ಎಳೆದುಕೊಳ್ಳಲಿಕ್ಕೆ ನೋಡುತ್ತದೆ. ಬ್ರೀದರ್ ನೀರಿನ ಕೆಳಗಿದ್ದರೆ ನೀರನ್ನೇ ಎಳೆಯುತ್ತದೆ. ಮಣ್ಣು ಕಟ್ಟಿದ್ದರೆ ಆಯಿಲ್ ಸೀಲಿನ ಸಂದಿಯಿಂದ ಎಳೆಯುತ್ತದೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದು ಕಂಡರೆ ನೀರು ಹೋಗಿದೆ ಅಂತಲೇ. ಶಿರಸಿಯ ಮೆಕ್ಯಾನಿಕ್ ಒಬ್ಬರು ಎರಡೂ ಬ್ರೀದರ್‌ಗಳಿಗೆ ಎಣ್ಣೆ ತಡೆಯುವ ಪೈಪು ಸಿಕ್ಕಿಸಿ, ಬಾನೆಟ್ಟಿನ ಹಿಂದಿನ ಮೂಲೆಗೆ ತಂದು ಕಟ್ಟಿಕೊಟ್ಟರು. ಗೇರ್ ಬಾಕ್ಸಿಗೂ ಹಾಗೇ ಮಾಡಿದರು. ಇಳಿಸುವ ಮುಂಚೆ ಹತ್ತು ನಿಮಿಷ ಗಾಡಿ ನಿಲ್ಲಿಸಿ ತಣಿಯಲಿಕ್ಕೆ ಬಿಟ್ಟರೆ ಇನ್ನೂ ಒಳ್ಳೆಯದು. ಹೇಗೂ ನಡೆದು ನೋಡಬೇಕಲ್ಲ, ಅಷ್ಟರಲ್ಲಿ ತಣಿಯುತ್ತದೆ.

ಆಮೇಲೆ ಫ್ಯಾನು. ನಮ್ಮ ಜೀಪಿನದು ಬೆಲ್ಟಿನಿಂದ ತಿರುಗುವ ಫ್ಯಾನು. ಅದು ನೀರಿಗೆ ತಾಗಿದರೆ ನೀರನ್ನು ಎಂಜಿನ್ ಮೇಲೆಲ್ಲ ಎರಚುತ್ತದೆ. ಎಸಳು ಮುಂದಕ್ಕೆ ಬಾಗಿ ರೇಡಿಯೇಟರ್ ಕೊರೆಯುವುದೂ ಉಂಟು. ಆಳ ಇದ್ದ ದಿನ ಬೆಲ್ಟ್ ಸಡಿಲಿಸಿ ದಾಟಿ, ಆಚೆ ಹೋಗಿ ಬಿಗಿಯುತ್ತೇನೆ. ಮುಂದಿನ ಜಾಲರಿಗೆ ತಾಡಪತ್ರಿ ಕಟ್ಟುವುದೂ ಕೆಲಸ ಮಾಡುತ್ತದೆ, ಆದರೆ ಗಾಡಿ ಮುಂದೆ ಚಲಿಸುತ್ತಿರುವ ತನಕ ಮಾತ್ರ. ನಿಂತರೆ ಸುತ್ತಲಿಂದ ನೀರು ತುಂಬಿಕೊಳ್ಳುತ್ತದೆ.

ಓಡಿಸುವುದರಲ್ಲಿ ಹೇಳುವಂಥದ್ದು ಕಡಿಮೆ. ದಂಡೆಯ ಮೇಲೇ ಫೋರ್ ವ್ಹೀಲ್‌ನ ಲೋ (ನಿಧಾನ, ಜಾಸ್ತಿ ಎಳೆತದ ಗೇರು) ಹಾಕಿ, ಎರಡನೇ ಗೇರಿಗೆ ಬಂದು, ನಡೆಯುವ ವೇಗದಲ್ಲಿ ಇಳಿಸಿ. ಹಾರಿಸಿಕೊಂಡು ನುಗ್ಗಬೇಡಿ. ಗಾಡಿಯ ಮುಂದೆ ಒಂದು ಅಲೆ ಏಳುತ್ತದೆ, ಅದರ ಹಿಂದೆ ಬಾನೆಟ್ಟಿನ ಹತ್ತಿರ ನೀರು ತಗ್ಗಿರುತ್ತದೆ. ಆ ಅಲೆ ಅಷ್ಟೇ ದೂರದಲ್ಲಿ ಇರುವ ಹಾಗೆ ಕಾಲು ಹದವಾಗಿ ಒತ್ತಿಕೊಂಡಿರಬೇಕು. ನಡುವೆ ಗೇರ್ ಬದಲಿಸಬಾರದು, ಕ್ಲಚ್ ಮುಟ್ಟಬಾರದು. ಸೈಲೆನ್ಸರ್ ಮುಳುಗಿದರೆ ಗಾಬರಿ ಬೇಡ, ಎಂಜಿನ್ ಓಡುತ್ತಿರುವಾಗ ಹೊಗೆಯೇ ನೀರನ್ನು ಹೊರಗೆ ದಬ್ಬುತ್ತದೆ. ಹರಿವಿನ ಜೊತೆ ಸ್ವಲ್ಪ ಓರೆಯಾಗಿ ಕೆಳಮುಖ ಹೋಗುವುದು ಸುಲಭ, ಆದರೆ ಹತ್ತುವ ಜಾಗ ಆ ನೇರಕ್ಕೇ ಸಿಗಬೇಕು. ಕಿಟಕಿ ಇಳಿಸಿರಲಿ. ಸೀಟ್ ಬೆಲ್ಟ್ ಬಿಚ್ಚಿರಲಿ. ಹಿಂದಿನ ಕೊಕ್ಕೆಗೆ ಹಗ್ಗ ಮೊದಲೇ ಕಟ್ಟಿರಲಿ, ಸಿಕ್ಕಿಬಿದ್ದ ಮೇಲೆ ಎದೆಮಟ್ಟ ನೀರಲ್ಲಿ ಮುಳುಗಿ ಕೊಕ್ಕೆ ಹುಡುಕುವುದು ಬೇಡ.

ಎಂಜಿನ್ ನಡುವೆ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಎಳೆದು ದಂಡೆಗೆ ಹಾಕಿ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಒಣಗಿದ್ದರೆ ಪುಣ್ಯ. ಒದ್ದೆಯಾಗಿದ್ದರೆ ಇಂಜೆಕ್ಟರ್ ಬಿಚ್ಚಿಸಿ ಎಂಜಿನ್ ತಿರುಗಿಸಿದರೆ ಒಳಗಿನ ನೀರು ಚಿಮ್ಮಿ ಬರುತ್ತದೆ. ಆಮೇಲೆ ಎಣ್ಣೆ ಬದಲಿಸಿಯೇ ಮುಂದಿನ ಮಾತು.

ದಾಟಿದ ಮೇಲೆ ಕೂಡಲೇ ಬ್ರೇಕ್ ಒಣಗಿಸಬೇಕು. ಡ್ರಮ್ ಬ್ರೇಕ್ ಒದ್ದೆಯಾದರೆ ಹಿಡಿಯುವುದೇ ಇಲ್ಲ. ನಿಧಾನಕ್ಕೆ ಓಡಿಸುತ್ತಾ ಬ್ರೇಕ್ ಮೆತ್ತಗೆ ಒತ್ತಿಕೊಂಡು ಸ್ವಲ್ಪ ದೂರ ಹೋದರೆ ಬಿಸಿಗೆ ಒಣಗುತ್ತದೆ. ಮಾರನೇ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಡಿಫರೆನ್ಷಿಯಲ್ ಕೆಳಗಿನ ಡ್ರೇನ್ ಬೋಲ್ಟನ್ನು ಒಂದೆರಡು ಸುತ್ತು ಸಡಿಲಿಸುತ್ತೇನೆ. ನೀರು ಎಣ್ಣೆಗಿಂತ ಭಾರ, ರಾತ್ರಿಯೆಲ್ಲ ನಿಂತರೆ ತಳಕ್ಕೆ ಇಳಿದಿರುತ್ತದೆ. ಮೊದಲ ಹನಿ ಎಣ್ಣೆಯಾಗಿದ್ದರೆ ಬಿಗಿದು ಎದ್ದುಬರುತ್ತೇನೆ. ನೀರಾಗಿದ್ದರೆ ಅಂಗಡಿಗೆ ಹೋಗಿ ಎಣ್ಣೆ ತರುವುದೇ.

ಕರಾವಳಿಯಲ್ಲಿ ಲೆಕ್ಕ ಬೇರೆ. ಕುಮಟಾದ ಕಡೆ ಭಾವನ ಮನೆ ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು) ಗದ್ದೆಗಳ ಅಂಚಿನಲ್ಲಿದೆ, ಕಗ್ಗ ಭತ್ತ ಬೆಳೆಯುವ ಜಾಗ. ಅಲ್ಲಿ ನೀರು ಬರುವುದು ಸಮುದ್ರದ ಲೆಕ್ಕದಲ್ಲಿ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. "ಈಗ ಎಂಥಕ್ಕೆ ಅವಸರ ಭಾವ, ಊಟ ಮಾಡಿ ಹೊರಡಿ, ಅಷ್ಟೊತ್ತಿಗೆ ದಾರಿ ಬಿಡ್ತದೆ" ಅಂತಾನೆ. ಊಟ ಮುಗಿಸಿ ಬಂದರೆ ದಾರಿ ಬಿಟ್ಟೇ ಇರುತ್ತದೆ. ಬಿಡದಿದ್ದರೂ ಅಲ್ಲಿ ನಾನು ಇಳಿಸುವುದಿಲ್ಲ. ಗಜನಿಯ ಕೆಸರಿಗೆ ತಳವೇ ಸಿಗುವುದಿಲ್ಲ, ಮತ್ತೆ ಉಪ್ಪುನೀರು ಕಬ್ಬಿಣವನ್ನು ಬಿಡುವುದಿಲ್ಲ. ಚಕ್ರ ಮುಳುಗುವಷ್ಟು ಉಪ್ಪುನೀರು ತಾಗಿದ್ದರೂ ಅದೇ ದಿನ ಸಿಹಿನೀರಿನಲ್ಲಿ ಅಡಿಭಾಗ, ಬ್ರೇಕ್, ವೈರಿನ ಜೋಡಣೆ ಎಲ್ಲ ತೊಳೆಯಬೇಕು. ಕಾಳಿ ನದಿಯ ಕೆಳಭಾಗದಲ್ಲಿ, ಕದ್ರಾ ಅಣೆಕಟ್ಟಿನ ಕೆಳಗೆ, ಇನ್ನೂ ಒಂದು ಎಚ್ಚರ ಬೇಕು. ಅಲ್ಲಿ ಮಳೆ ನಿಂತಿದ್ದರೂ ಗೇಟು ತೆಗೆದರೆ ನೀರು ಏರುತ್ತದೆ.

ನಮ್ಮ ಹಳ್ಳಕ್ಕೆ ಗೇಟಿಲ್ಲ. ಆದರೆ ಮೇಲೆ ಬೆಟ್ಟದಲ್ಲಿ ಮಳೆ ಹೊಡೆದರೆ ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹಳ್ಳ ಏರುತ್ತದೆ. ತಿಳಿಯಾಗಿದ್ದ ನೀರು ಕೆಂಪಾಗುತ್ತಾ ಬಂದರೆ, ತರಗೆಲೆ, ಕಡ್ಡಿ ತೇಲಿಬರಲು ಶುರುವಾದರೆ ನಾನು ಜೀಪು ಹಿಂದೆ ತೆಗೆಯುತ್ತೇನೆ. ಕೊನೆಗೌಡನ ಕೂಲಿ ಕೊಟ್ಟು ಕಳಿಸುತ್ತೇನೆ.

ಈಚೆಗೆ ಮೇ ತಿಂಗಳಲ್ಲೇ ಪಂಪು, ಡ್ರಮ್ಮು, ಪೈಪು, ಮೈಲುತುತ್ತ ಎಲ್ಲ ಆಚೆ ತೋಟದ ಮನೆಗೆ ಸಾಗಿಸಿ ಬೀಗ ಹಾಕುತ್ತೇನೆ. ಅರ್ಧ ಓಡಾಟ ಅದರಲ್ಲೇ ಉಳಿಯಿತು. ಸುಣ್ಣ ಮಾತ್ರ ಹಾಗೆ ಇಡಲಾಗುವುದಿಲ್ಲ. ಮಳೆಗಾಲದ ತೇವಕ್ಕೆ ತಾನೇ ಅರಳಿ ಪುಡಿಯಾಗಿ ಸತ್ವ ಹೋಗುತ್ತದೆ, ಮದ್ದು ಹದಕ್ಕೆ ಬರುವುದಿಲ್ಲ. ಅದನ್ನು ಮಾತ್ರ ಹೊಳವಾದ ದಿನವೇ ಪೇಟೆಯಿಂದ ತಂದು ದಾಟಿಸಬೇಕು.