ಸೂಪರ್‌ಹೀರೋ ತಂಡದ ಕಾಮಿಕ್ಸ್ ಮತ್ತೆ ಓದುವವರಿಗೆ
ಎಕ್ಸ್‌-ಮೆನ್‌ನಂಥ ತಂಡದ ಕಾಮಿಕ್ಸ್‌ನ ದಪ್ಪ ಸಂಪುಟ ಎರಡನೇ ಸಲ ಓದುವಾಗ ಇಡೀ ತಂಡದ ಹಿಂದೆ ಹೋಗಬೇಡಿ. ಒಬ್ಬರನ್ನೇ ಹಿಡಿದುಕೊಳ್ಳಿ. ಅವರು ಬರುವ ಪುಟಗಳಲ್ಲಿ ಚೀಟಿ ಇಟ್ಟು (ಹಳೇ ಸಿಟಿ ಬಸ್ ಟಿಕೆಟ್ ಸಾಕು) ಅಷ್ಟನ್ನೇ ಓದಿ. ಇವು ಕಂತು ಕಂತಾಗಿ ಬಂದ ಸಂಚಿಕೆಗಳು, ಅಲ್ವಾ? ಮುಂದಿನ ಕಥೆಯ ಸುಳಿವನ್ನು ಎಲ್ಲೋ ಒಂದೆರಡು ಪುಟದಲ್ಲಿ ಬಿಟ್ಟಿರುತ್ತಾರೆ, ಹೊಡೆದಾಟದ ಭರದಲ್ಲಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ತಂಡದ ಜೀನ್ ಗ್ರೇ ಎಂಬಾಕೆ ಅಪಾರ ಶಕ್ತಿಯ ‘ಫೀನಿಕ್ಸ್’ ಆಗುವುದು 1976ರ 101ನೇ ಸಂಚಿಕೆಯಲ್ಲಿ, ಆ ಕಥೆಯ ದುರಂತ ಅಂತ್ಯ 1980ರ 137ನೆಯದರಲ್ಲಿ. ನಡುವಿನ ಅವಳ ಪುಟಗಳನ್ನಷ್ಟೇ ಓದಿದರೆ ಬೇರೆಯದೇ ಕಥೆ ಸಿಗುತ್ತದೆ. ಅದೇ ತಂಡದ ವುಲ್ವರಿನ್‌ನಿಂದ ಮಾತ್ರ ಶುರು ಮಾಡಬೇಡಿ, ಅವನ ಪುಟಗಳು ಅಷ್ಟಿರುತ್ತವೆ, ಚೀಟಿ ಸಾಲುವುದಿಲ್ಲ! ಕಥೆ ಬೇರೆ ಸರಣಿಗಳಿಗೂ ಹರಡಿರುವ ಕಡೆ ಈ ಉಪಾಯ ನಡೆಯುವುದಿಲ್ಲ, ಎಷ್ಟೋ ಸಲ ಅರ್ಧ ಕಥೆ ಸಂಪುಟದಲ್ಲೇ ಇರುವುದಿಲ್ಲ. ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಬಿಡಿ ಸಂಚಿಕೆಗಳಿಗೂ ಅಷ್ಟೇ.