ಬಾವುಟ ಹಾರಿಸಿದ ಮೇಲೆ ನೆರಳು ನೋಡಿದೆವು

ನಾನು ಹಿರಿಯೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ‘ವಿಜ್ಞಾನ ಮೇಳ ಇಟ್ಟಿದ್ದೀವಿ, ಬನ್ನಿ’ ಅಂದರೆ ನಮ್ಮ ಕಡೆ ಪೋಷಕರು ಬರೋದು ಅಷ್ಟಕ್ಕಷ್ಟೇ. ಥರ್ಮಾಕೋಲ್ ಮಾದರಿ ನೋಡೋಕೆ ಒಂದು ದಿನದ ಕೂಲಿ ಬಿಟ್ಟು ಬನ್ನಿ ಅಂತ ಹೇಳೋಕೆ ನನಗೂ ಬಾಯಿ ಬರಲ್ಲ. ಆದರೆ ಆಗಸ್ಟ್ 15ಕ್ಕೆ ಯಾರನ್ನೂ ಕರೆಯಬೇಕಿಲ್ಲ. ಪ್ರಭಾತ್ ಫೇರಿ ಹೊರಟರೆ ಅರ್ಧ ಊರು ಹಿಂದೆಯೇ ಬರುತ್ತೆ. ಮಕ್ಕಳ ಡ್ಯಾನ್ಸ್ ಇದ್ದರೆ ಉಳಿದರ್ಧವೂ ಬರುತ್ತೆ.

ಇನ್ನೊಂದು ಅದೃಷ್ಟವೂ ನಮ್ಮ ತಾಲ್ಲೂಕಿಗಿದೆ. ಹಿರಿಯೂರು ಇರೋದು ಹೆಚ್ಚುಕಡಿಮೆ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಈ ಅಕ್ಷಾಂಶದ ನೆತ್ತಿಗೆ ವರ್ಷಕ್ಕೆ ಎರಡು ಸಲ ಬರುತ್ತಾನೆ: ಏಪ್ರಿಲ್ 27ರ ಸುಮಾರಿಗೆ ಒಮ್ಮೆ, ಆಗಸ್ಟ್ 15-16ರ ಸುಮಾರಿಗೆ ಇನ್ನೊಮ್ಮೆ. ಅವತ್ತು ಮಧ್ಯಾಹ್ನ ನೆಟ್ಟಗೆ ನಿಂತ ವಸ್ತುವಿನ ನೆರಳು ಪೂರ್ತಿ ಅದರ ಬುಡಕ್ಕೇ ಹೋಗುತ್ತೆ. ಶೂನ್ಯ ನೆರಳಿನ ದಿನ ಅಂತಾರಲ್ಲ, ಅದು. ಏಪ್ರಿಲ್‌ನಲ್ಲಿ ಬೇಸಿಗೆ ರಜೆ, ಮಕ್ಕಳು ಅಜ್ಜಿ ಮನೆಯಲ್ಲಿರುತ್ತಾರೆ. ಆಗಸ್ಟ್‌ನದ್ದು ಮಾತ್ರ ಸ್ವಾತಂತ್ರ್ಯ ದಿನಾಚರಣೆಯ ಮೇಲೇ ಬಂದು ಕೂತಿದೆ. ಇದನ್ನು ಬಿಡೋದುಂಟಾ?

ಬೇರೆ ಊರಿನವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಸೂರ್ಯ ನೆತ್ತಿಗೆ ಬರೋದು ಉತ್ತರದಲ್ಲಿ ಕರ್ಕಾಟಕ ವೃತ್ತದವರೆಗೆ ಮಾತ್ರ. ಕರ್ನಾಟಕ ಪೂರ್ತಿ ಅದರ ದಕ್ಷಿಣಕ್ಕಿದೆ, ಹಾಗಾಗಿ ನಮ್ಮಲ್ಲಿ ಪ್ರತಿ ಊರಿಗೂ ಎರಡು ದಿನ ಸಿಗುತ್ತೆ. ಬೆಂಗಳೂರಿಗೆ ಏಪ್ರಿಲ್ 24-25 ಮತ್ತು ಆಗಸ್ಟ್ 18. ಬೀದರಿಗೆ ಮೇ ಎರಡನೇ ವಾರ ಒಮ್ಮೆ, ಆಗಸ್ಟ್ ಶುರುವಿನಲ್ಲಿ ಇನ್ನೊಮ್ಮೆ. ದೆಹಲಿಯವರಿಗೆ ಮಾತ್ರ ಒಂದೂ ಇಲ್ಲ, ಪಾಪ.

ಹೊತ್ತು ಲೆಕ್ಕ ಹಾಕೋದನ್ನು ಹತ್ತನೇ ಕ್ಲಾಸಿನವರಿಗೇ ಬಿಟ್ಟೆ. ಇಡೀ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ನಾವಿರೋದು ಅದರ ಪಶ್ಚಿಮಕ್ಕೆ, 76.6ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ನಮ್ಮ ನಡುಮಧ್ಯಾಹ್ನ 23-24 ನಿಮಿಷ ತಡ. ಇದರ ಮೇಲೆ ಆಗಸ್ಟ್ ಮಧ್ಯದಲ್ಲಿ ಸೂರ್ಯ ಗಡಿಯಾರಕ್ಕಿಂತ ಇನ್ನೂ ನಾಲ್ಕೈದು ನಿಮಿಷ ಹಿಂದೆ ಇರುತ್ತಾನೆ. ಕೂಡಿದರೆ 12 ಗಂಟೆ 28 ನಿಮಿಷ.

ಕಷ್ಟ ಇದ್ದಿದ್ದು ಇಲ್ಲೇ. ಬಾವುಟ ಏರೋದು ಬೆಳಿಗ್ಗೆ ಎಂಟೂವರೆಗೆ, ನೆರಳು ಮಾಯವಾಗೋದು ಹನ್ನೆರಡೂವರೆಗೆ. ಭಾಷಣ ಮುಗಿದ ಕೂಡಲೇ ಜನ ಲಾಡು ತಗೊಂಡು ಮನೆಗೆ ಹೊರಡುತ್ತಾರೆ. ಅದಕ್ಕೇ ಲಾಡು ಹಂಚೋದನ್ನೇ ಮುಂದಕ್ಕೆ ಹಾಕಿದೆವು. ಡ್ಯಾನ್ಸ್, ಹಾಡು ಎಲ್ಲಾ ಹನ್ನೊಂದರ ಮೇಲೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಚಿತ್ರಾನ್ನ ಮಾಡಿಸಲು ಒಪ್ಪಿದರು. ಹಿಂದಿನ ದಿನ ಪಂಚಾಯ್ತಿಯ ಕಸದ ಗಾಡಿ ಮೈಕಿನಲ್ಲಿ ಮಕ್ಕಳದ್ದೇ ದನಿ: ‘ನಾಳೆ ನಿಮ್ಮ ನೆರಳು ಎಲ್ಲಿ ಹೋಗುತ್ತೆ ನೋಡೋಕೆ ಬನ್ನಿ.’ ಆ ಒಂದು ಮಾತಿಗೆ ಬಂದವರು ನೂರು ಕರಪತ್ರಕ್ಕೂ ಬರುತ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಬಾವುಟದ ಕಂಬದ ನೆರಳನ್ನೇ ತೋರಿಸೋಣ ಅಂತ ಮಕ್ಕಳಿಗೆ ಆಸೆ. ಗಾರೆ ಕೆಲಸ ಮಾಡುವ ಪೋಷಕರೊಬ್ಬರು ಎರಡು ದಿನ ಮೊದಲೇ ಸಂಜೆ ಬಂದರು, ಕೈಯಲ್ಲಿ ತೂಗುಗುಂಡು. ಕಂಬದ ಪಕ್ಕ ದಾರ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. ‘ಮಿಸ್, ಕಂಬ ವಾಲಿದೆ’ ಅಂದರು. ಬುಡದಲ್ಲಿ ದಾರ ಕಂಬಕ್ಕೆ ತಾಗಿತ್ತು, ಆಳೆತ್ತರದಲ್ಲಿ ಎರಡು ಬೆರಳು ಸಂದು. ವಾಲಿದ ಕಂಬಕ್ಕೆ ಯಾವ ಸೂರ್ಯನೂ ನೆರಳು ತಪ್ಪಿಸಲ್ಲ. ಕಂಬದ ಆಸೆ ಬಿಟ್ಟು ಪಿವಿಸಿ ಪೈಪಿನ ತುಂಡುಗಳಿಗೆ ಬಂದೆವು. ಬೋರ್‌ವೆಲ್ ಸಾಮಾನಿನ ಅಂಗಡಿಯಲ್ಲಿ ಚೂರುಪಾರು ಪುಕ್ಕಟೆ ಸಿಕ್ಕಿತು. ಅದೇ ಮೇಸ್ತ್ರಿ ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಜಗಲಿಯ ಮುಂದೆ ಒಂದು ಚೌಕ ಮಟ್ಟ ಮಾಡಿಕೊಟ್ಟರು. ಈ ಕೆಲಸವನ್ನು ಎಂಟು ಮಕ್ಕಳು ಕುಕ್ಕರಗಾಲಲ್ಲಿ ಕೂತು ನೋಡಿದರು. ದ್ರವದ ಮಟ್ಟದ ಪಾಠವನ್ನು ನಾನು ಇಷ್ಟು ಚೆನ್ನಾಗಿ ಮಾಡಿದ್ದು ನೆನಪಿಲ್ಲ.

ಪೈಪಿನಲ್ಲಿ ಇನ್ನೊಂದು ಅನುಕೂಲ ಇದೆ. ನೆರಳು ನೋಡೋಕೆ ಒಳ್ಳೆಯ ಕಣ್ಣು ಬೇಕು, ಪೈಪಿಗೆ ಅದೂ ಬೇಡ. ನೆತ್ತಿಯ ಬಿಸಿಲು ಪೈಪಿನೊಳಗೆ ನೇರ ಇಳಿದು ತಳದಲ್ಲಿ ದುಂಡಗೆ ಬೆಳಗುತ್ತೆ. ಸ್ವಲ್ಪ ಆಚೀಚೆ ಆದರೂ ಆ ದುಂಡು ಒಂದು ಕಡೆ ಕತ್ತರಿಸಿದ ಹಾಗೆ ಕಾಣುತ್ತೆ. ಪೈಪಿನ ಪಕ್ಕ ಲೋಟ, ಕಂಪಾಸ್ ಡಬ್ಬಿ, ಉದ್ದಕ್ಕೆ ನಿಲ್ಲಿಸಿದ ಡಸ್ಟರ್ ಕೂಡ ಇಟ್ಟೆವು. ಸೂರ್ಯನನ್ನು ಮಾತ್ರ ಯಾರೂ ನೇರ ನೋಡಕೂಡದು ಅಂತ ಪ್ರತಿ ಮೇಜಿನ ಹತ್ತಿರ ಒಬ್ಬ ಕಾವಲು.

ಹನ್ನೊಂದೂವರೆಯಿಂದ ಹತ್ತು ನಿಮಿಷಕ್ಕೊಮ್ಮೆ ಒಂದು ಮೀಟರ್ ಕೋಲಿನ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು. ಗುರುತು ಹಾಕಿದವರೂ ವಿವರಿಸಿದವರೂ ಮಕ್ಕಳೇ. ನಾನು ಬೇಕಂತಲೇ ಚಿತ್ರಾನ್ನದ ಹತ್ತಿರ ನಿಂತಿದ್ದೆ. ಮೇಡಂ ಎದುರಿಗಿದ್ದರೆ ದೊಡ್ಡವರು ಮೇಡಂನೇ ಕೇಳುತ್ತಾರೆ, ಮಕ್ಕಳನ್ನು ಕೇಳಲ್ಲ.

ಒಬ್ಬರು ಹಿರಿಯರು ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ತಡೆದು ಕೇಳಿದರು: ‘ಏನವ್ವ ಇದು, ಮಧ್ಯಾಹ್ನ ದಿನಾ ನೆರಳು ಕಾಲ ಕೆಳಗೇ ಇರುತ್ತಲ್ಲ, ಇವತ್ತೇನು ವಿಶೇಷ?’ ಅವಳು ಮೂರು ದಾರ ತಂದಳು. ಅದೇ ಕೋಲಿನ ಮಧ್ಯಾಹ್ನದ ನೆರಳನ್ನು ನಾವು ಡಿಸೆಂಬರ್ 22ಕ್ಕೂ ಜೂನ್ 21ಕ್ಕೂ ಅಳೆದು ದಾರ ಕತ್ತರಿಸಿ ಇಟ್ಟಿದ್ದೆವು. ಡಿಸೆಂಬರಿನದು 76 ಸೆಂಟಿಮೀಟರ್, ಮುಕ್ಕಾಲು ಮೀಟರಿಗೂ ಜಾಸ್ತಿ. ಜೂನಿನದು ಬರೀ 17. ‘ತಾತ, ಇದು ಉತ್ತರಕ್ಕೆ ಬಿದ್ದಿತ್ತು, ಈ ಗಿಡ್ಡದು ದಕ್ಷಿಣಕ್ಕೆ’ ಅಂದಳು. ಮೂರನೇ ದಾರ ಕತ್ತರಿಸಿಯೇ ಇರಲಿಲ್ಲ, ಉಂಡೆ ಹಾಗೇ ಇತ್ತು. ದಕ್ಷಿಣಕ್ಕೆ ನೆರಳು ಬೀಳುತ್ತೆ ಅನ್ನೋದನ್ನು ಅವರು ಒಪ್ಪಲಿಲ್ಲ. ‘ಬರೋ ಜೂನ್‌ಗೆ ತೋರ್ಸು ನೋಡಾಣ’ ಅಂದರು. ಅದು ಸರಿಯಾದ ಮಾತು. ನೋಡದೆ ಯಾಕೆ ಒಪ್ಪಬೇಕು, ಅಲ್ವಾ?

12:15ರ ಹೊತ್ತಿಗೆ ಮೋಡ ಬಂತು. ನಮ್ಮದು ಒಣ ತಾಲ್ಲೂಕು. ಮಳೆ ಬೇಡ ಅಂತ ನಮ್ಮೂರಿನವರು ಕೇಳಿಕೊಂಡಿದ್ದು ಅವತ್ತು ಬಿಟ್ಟರೆ ಇನ್ಯಾವಾಗಲೂ ಇರಲಿಕ್ಕಿಲ್ಲ. 12:24ಕ್ಕೆ ಬಿಸಿಲು ಬಿಟ್ಟಿತು. ಆಮೇಲೆ ಹೇಳೋಕೆ ಜಾಸ್ತಿ ಏನಿಲ್ಲ. ಲೋಟದ ಸುತ್ತ ನೆರಳಿರಲಿಲ್ಲ, ಪೈಪಿನ ತಳದಲ್ಲಿ ದುಂಡು ಬೆಳಕು, ತಾಯಂದಿರು ಕೂಸುಗಳನ್ನು ಎತ್ತಿ ಎತ್ತಿ ತೋರಿಸಿದರು. ಒಂದಷ್ಟು ಜನ ತಮ್ಮ ಕಾಲಿನ ಸುತ್ತಲೇ ಒಂದು ಸುತ್ತು ತಿರುಗಿ ನೋಡಿಕೊಂಡರು. ಮೋಡ ಬಿಡದಿದ್ದರೂ ಚಿಂತೆ ಇರಲಿಲ್ಲ. ಹಿಂದಿನ ದಿನವೂ ಮಾರನೇ ದಿನವೂ ನೆರಳು ಕಣ್ಣಿಗೆ ಕಾಣದಷ್ಟು ಸಣ್ಣದೇ, ಒಂದು ಮೀಟರ್ ಕೋಲಿಗೆ ಒಂದು ಸೆಂಟಿಮೀಟರ್ ಕೂಡ ದಾಟಲ್ಲ.

ಮುಖ್ಯ ಕೆಲಸ ಅದೇ ಹೊತ್ತಿಗೆ ಕಲಬುರಗಿಯಲ್ಲೂ ನಡೀತಿತ್ತು. ಅಲ್ಲಿ ನನ್ನ ಬಿ.ಎಡ್. ಗೆಳತಿ ಟೀಚರ್. ಕಲಬುರಗಿ ನಮಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ, ಹಾಗಾಗಿ ಅಲ್ಲೂ ನಡುಮಧ್ಯಾಹ್ನ ಇದೇ ಹೊತ್ತಿಗೆ. ಅವರ ಮಕ್ಕಳು ಒಂದು ಮೀಟರ್ ಕೋಲಿನ ನೆರಳು ಅಳೆದು ಫೋನ್ ಮಾಡಿದರು: 5.8 ಸೆಂಟಿಮೀಟರ್. ಟ್ಯಾನ್ ಕೋಷ್ಟಕದಲ್ಲಿ ನೋಡಿದರೆ 3.3 ಡಿಗ್ರಿ. ನಮ್ಮಲ್ಲಿ ಸೂರ್ಯ ನೆತ್ತಿಯಲ್ಲೇ ಇದ್ದ, ಅಂದರೆ ಭೂಮಿಯ ದುಂಡಿನ ಮೇಲೆ ಎರಡೂ ಊರಿನ ನಡುವಿನ ಕೋನವೂ ಅಷ್ಟೇ. ಭೂಪಟದ ಮೇಲೆ ಸ್ಕೇಲ್ ಇಟ್ಟರೆ ಎರಡೂ ಊರಿನ ನಡುವೆ ನೇರ ಸುಮಾರು 375 ಕಿಲೋಮೀಟರ್. 3.3 ಡಿಗ್ರಿಗೆ 375 ಆದರೆ 360ಕ್ಕೆ ಎಷ್ಟು? ಮಕ್ಕಳಿಗೆ ಬಂದ ಉತ್ತರ 41 ಸಾವಿರಕ್ಕೆ ಚೂರು ಕಡಿಮೆ. ಭೂಮಿಯ ನಿಜವಾದ ಸುತ್ತಳತೆ ಸುಮಾರು 40 ಸಾವಿರ ಕಿಲೋಮೀಟರ್. ಎರಟೋಸ್ತನೀಸ್ ಅನ್ನೋ ಗ್ರೀಕ್ ವಿದ್ವಾಂಸ ಸುಮಾರು 2,200 ವರ್ಷದ ಹಿಂದೆ ಈಜಿಪ್ಟಿನ ಎರಡು ಊರುಗಳನ್ನಿಟ್ಟುಕೊಂಡು ಮಾಡಿದ್ದೂ ಇದೇ ಲೆಕ್ಕ. ಅವನಿಗೆ ಸಿಕ್ಕ ಕೋನ 7.2 ಡಿಗ್ರಿ, ಸುತ್ತಿನ ಐವತ್ತರಲ್ಲಿ ಒಂದು ಪಾಲು. ಅವನಿಗೆ ಫೋನ್ ಇರಲಿಲ್ಲ ಅಂತ ನಮ್ಮ ಹುಡುಗನೊಬ್ಬ ಮೈಕಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ.

ಈಗ ಕಲಬುರಗಿಯವರು ತಮ್ಮ ಊರಿನಲ್ಲೂ ಮಾಡಬೇಕು ಅಂತ ಕೂತಿದ್ದಾರೆ. ಅಲ್ಲಿ ನೆರಳು ಮಾಯವಾಗೋದು ಆಗಸ್ಟ್ 4ರ ಸುಮಾರಿಗೆ. ಅವತ್ತು ಅಳೆಯೋ ಸರದಿ ನಮ್ಮದು, ನಮ್ಮ ಕೋಲಿನ ನೆರಳು ದಕ್ಷಿಣಕ್ಕೆ ಬಿದ್ದಿರುತ್ತೆ. ಜೂನ್‌ಗೆ ಆ ತಾತನನ್ನು ಕರೆಯೋಕೆ ಆಗದಿದ್ದರೆ, ಅವತ್ತು ಕರೆಯುತ್ತೇವೆ.